ಮುಂದಿನ ಎಡ ಟೈರ್ ಒಳಗಡೆ ಮಾತ್ರ ಸವೆಯುತ್ತಿದೆ, ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ ಮೇಲೂ

ಕೆಂಪು ಹ್ಯಾಚ್:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್, 62,000 ಕಿ.ಮೀ. ಓಡಿದೆ. ನಾಲ್ಕೂ ಟೈರ್ ಒಟ್ಟಿಗೇ ಹಾಕಿಸಿದ್ದು, ಅವು ಓಡಿರುವುದು ಬರೀ 19,000. ಮೊನ್ನೆ ಗಾಡಿ ತೊಳೆಯುವಾಗ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಲ್ಲಿಸಿದ್ದೆ. ಮುಂದೆ ಬಂದು ಬಗ್ಗಿ ನೋಡಿದರೆ ಎದೆ ಧಸಕ್ ಅಂತು. ಎಡ ಟೈರಿನ ಒಳ ಅಂಚು ಬೋಳಾಗಿದೆ! ಪಕ್ಕದಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಹೊರಗಡೆ ಅರ್ಧ ಚೆನ್ನಾಗಿಯೇ ಇದೆ. ಬಲ ಟೈರ್ ಪರವಾಗಿಲ್ಲ ಅನ್ನಿಸುತ್ತದೆ.

ಅಲೈನ್‌ಮೆಂಟ್ ಎರಡು ಸಲ ಆಗಿದೆ. ಟೈರ್ ಹಾಕಿಸಿದ ದಿನ ಒಂದು ಸಲ, 11,000 ಕಿ.ಮೀ. ಆದಾಗ ಇನ್ನೊಂದು ಸಲ, ಬೇರೆ ಗ್ಯಾರೇಜಿನಲ್ಲಿ. ಎರಡೂ ಸಲ ಕೊಟ್ಟ ಶೀಟಿನಲ್ಲಿ ಎಲ್ಲಾ ಹಸಿರು, ಅಂದರೆ ಎಲ್ಲಾ ಮಿತಿಯೊಳಗೇ ಇದೆ. ಹಾಗಾದರೆ ಟೈರ್ ಯಾಕೆ ಸವೆಯುತ್ತಿದೆ? ಹೊಸದು ಹಾಕಿಸುವ ಮುಂಚೆ ಕಾರಣ ಗೊತ್ತಾಗಬೇಕು, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಮೂರನೇ ಗೇರ್:
ಗಾಳಿ ಎಷ್ಟು ಹಾಕಿಸುತ್ತೀರಿ?

ಹೆದ್ದಾರಿ ಹಕ್ಕಿ:
ಇದು ಕ್ಯಾಂಬರ್. ಬೇರೆ ಏನೂ ಅಲ್ಲ. ಚಕ್ರದ ಮೇಲ್ಭಾಗ ಒಳಗೆ ವಾಲಿದ್ದರೆ ಟೈರ್ ಒಳ ಅಂಚಿನ ಮೇಲೆ ನಿಂತು ಓಡುತ್ತದೆ, ಅಲ್ಲೇ ಸವೆಯುತ್ತದೆ. ಯಾವಾಗಲೋ ಗುಂಡಿಗೆ ಬಿದ್ದು ಸ್ಟ್ರಟ್ (ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ) ಬಾಗಿರಬೇಕು. ಎಡಗಡೆ ಸ್ಟ್ರಟ್ ಬದಲಾಯಿಸಿ, ಮುಗಿಯಿತು.

ಗಾಳಿ ಮಾಪಕ:
ಮೂರನೇ ಗೇರ್ ಅವರೇ, ಇದು ಗಾಳಿ ಸಮಸ್ಯೆ ಅಲ್ಲ. ಗಾಳಿ ಕಮ್ಮಿ ಇದ್ದರೆ ಎರಡೂ ಅಂಚು ಸವೆಯುತ್ತವೆ, ನಡುವೆ ಉಳಿಯುತ್ತದೆ. ಜಾಸ್ತಿ ಇದ್ದರೆ ನಡುವೆ ಸವೆಯುತ್ತದೆ. ಒಂದೇ ಅಂಚು ಹೋಗಿದೆ ಅಂದರೆ ಚಕ್ರ ನಿಂತಿರುವ ಕೋನದಲ್ಲಿ ಏನೋ ಇದೆ.

ಆದರೂ ಗಾಳಿ ನೋಡಿಕೊಳ್ಳಿ. ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿಸಿಕೊಂಡು ಹೋಗಿ ನೋಡಿದರೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಮಾರನೇ ದಿನ ಬೆಳಿಗ್ಗೆ ಕಮ್ಮಿ ಗಾಳಿಯಲ್ಲಿ ಓಡಿಸುತ್ತಿರುತ್ತೀರಿ.

ಸ್ಪ್ಯಾನರ್ ಸೆಟ್:
22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಈಗಲೇ ಯಾವ ಪಾರ್ಟೂ ಬದಲಾಯಿಸಬೇಡಿ. ಮೊದಲು ಟೈರ್ ಏನು ಹೇಳುತ್ತಿದೆ ನೋಡೋಣ.

ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ. ಒಂದು ಸಲ ಹೊರಗಿನಿಂದ ಒಳಗೆ, ಇನ್ನೊಂದು ಸಲ ಒಳಗಿನಿಂದ ಹೊರಗೆ. ಒಂದು ಕಡೆ ಹೋಗುವಾಗ ನುಣ್ಣಗೆ ಜಾರಿ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕಿದರೆ ಅದು ಟೋ ಸಮಸ್ಯೆ, ಅಂದರೆ ಮೇಲಿನಿಂದ ನೋಡಿದರೆ ಚಕ್ರ ನೇರ ಇಲ್ಲದೆ ಒಳಗೋ ಹೊರಗೋ ತಿರುಗಿದೆ. ಎರಡೂ ಕಡೆ ನುಣ್ಣಗಿದ್ದು ಒಂದು ಅಂಚು ಮಾತ್ರ ಸಮನಾಗಿ ಇಳಿದಿದ್ದರೆ ಆಗ ಕ್ಯಾಂಬರ್ ಅನ್ನಬಹುದು. ಹೊರಗಿನಿಂದ ಒಳಗೆ ಹೋಗುವಾಗ ಚುಚ್ಚಿದರೆ ಟೋ ಔಟ್, ಅಂದರೆ ಚಕ್ರದ ಮುಂಭಾಗ ಹೊರಗೆ ತಿರುಗಿಕೊಂಡು ಓಡುತ್ತಿದೆ. ಒಳಗಿನಿಂದ ಹೊರಗೆ ಬರುವಾಗ ಚುಚ್ಚಿದರೆ ಟೋ ಇನ್.

ಒಂದು ಎಚ್ಚರಿಕೆ. ಅಂಚು ಪೂರ್ತಿ ಬೋಳಾಗಿರುವ ಜಾಗದಲ್ಲಿ ಕೈ ಆಡಿಸಬೇಡಿ. ಒಳಗಿನ ಸ್ಟೀಲ್ ತಂತಿ ಹೊರಗೆ ಬಂದಿರುತ್ತದೆ, ಕೂದಲಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ, ಬೆರಳು ಕುಯ್ದುಬಿಡುತ್ತದೆ. ತಂತಿ ಕಂಡರೆ ಆ ಟೈರಿನಲ್ಲಿ ಗಾಡಿ ಓಡಿಸಲೇಬೇಡಿ, ಸ್ಟೆಪ್ನಿ ಹಾಕಿ.

ಆಮೇಲೆ ಡೆಪ್ತ್ ಗೇಜ್ ಸಿಕ್ಕಿದರೆ ನಾಲ್ಕೂ ಟೈರಿನಲ್ಲಿ ಹೊರಗೆ, ನಡುವೆ, ಒಳಗೆ ಅಳತೆ ತೆಗೆದು ಇಲ್ಲಿ ಹಾಕಿ. ಅಲೈನ್‌ಮೆಂಟ್ ಶೀಟಿನ ನಂಬರ್ ಕೂಡ ಬೇಕು. ಹಸಿರು ಕೆಂಪು ಬೇಡ, ನಂಬರ್.

ಹೆದ್ದಾರಿ ಹಕ್ಕಿ:
ಸಾರ್, ನಿಮ್ಮ ಅನುಭವಕ್ಕೆ ಮರ್ಯಾದೆ ಕೊಟ್ಟೇ ಹೇಳುತ್ತೇನೆ. ಟೋ ತಪ್ಪಿದ್ದರೆ ಎರಡೂ ಟೈರ್ ಸವೆಯಬೇಕು, ಒಂದೇ ಅಲ್ಲ. ನೇರ ಹೋಗುವಾಗ ಸ್ಟೇರಿಂಗ್ ತಾನೇ ಹೊಂದಿಕೊಂಡು ಟೋ ತಪ್ಪನ್ನು ಎರಡು ಚಕ್ರಕ್ಕೂ ಹಂಚುತ್ತದೆ. ಒಂದೇ ಟೈರ್ ಹೋಗಿದೆ ಅಂದರೆ ಕ್ಯಾಂಬರೇ.

ಸ್ಪ್ಯಾನರ್ ಸೆಟ್:
ಹಂಚುತ್ತದೆ ಅನ್ನುವ ಮಾತು ಸರಿ, ಒಪ್ಪಿದೆ. ಆದರೆ ಬಲ ಟೈರ್ "ಪರವಾಗಿಲ್ಲ ಅನ್ನಿಸುತ್ತದೆ" ಅಂತ ಅವರು ಕಣ್ಣಳತೆಯಲ್ಲಿ ಹೇಳಿದ್ದಾರೆ. ಅಳೆದು ನೋಡಲಿ. ಇನ್ನೊಂದು ವಿಷಯ. ಕ್ಯಾಂಬರ್ ಸ್ವಲ್ಪ ಹೆಚ್ಚು ಕಮ್ಮಿ ಇದ್ದರೂ ಟೈರ್ ಅದನ್ನು ತುಂಬಾ ದಿನ ತಡೆದುಕೊಳ್ಳುತ್ತದೆ. ಟೋ ಹಾಗಲ್ಲ. ಚಕ್ರ 0.1 ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 1.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಅರ್ಧ ಡಿಗ್ರಿ ಅಂದರೆ ಕಿಲೋಮೀಟರಿಗೆ ಎಂಟು ಮೀಟರಿನ ಮೇಲೆ! ರಬ್ಬರನ್ನು ಅಷ್ಟು ದೂರ ಟಾರಿನ ಮೇಲೆ ಎಳೆದರೆ ಉಳಿಯುತ್ತಾ?

ನಾನು ನೋಡಿದ್ದರಲ್ಲಿ ಬೇಗ ಬೇಗ ಟೈರ್ ತಿನ್ನುವುದು ಟೋ. ಕ್ಯಾಂಬರ್ ಅದರ ಜೊತೆ ಸೇರಿಕೊಂಡರೆ ಎಲ್ಲಿ ತಿನ್ನಬೇಕು ಅನ್ನುವುದನ್ನು ಅದು ತೋರಿಸುತ್ತದೆ.

ಮೂರನೇ ಗೇರ್:
ಕಿಲೋಮೀಟರಿಗೆ 1.7 ಮೀಟರಾ? ಅದೂ 0.1 ಡಿಗ್ರಿಗೆ? ನನಗೆ ಇದು ಗೊತ್ತೇ ಇರಲಿಲ್ಲ.

ನಟ್ಟು ಬೋಲ್ಟು:
ಲೆಕ್ಕ ಸರಿಯಾಗಿದೆ. 600 ಮಿ.ಮೀ. ವ್ಯಾಸದ ಟೈರಿನಲ್ಲಿ 0.1 ಡಿಗ್ರಿ ಅಂದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದು ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಕಾಣುವುದೇ ಇಲ್ಲ.

ಕೆಂಪು ಹ್ಯಾಚ್:
ಎಲ್ಲರಿಗೂ ಥ್ಯಾಂಕ್ಸ್. ಗೇಜ್ ತಂದು ಅಳೆದೆ. ಎಲ್ಲಾ ಮಿ.ಮೀ. ನಲ್ಲಿ, ಹೊರಗೆ, ನಡುವೆ, ಒಳಗೆ ಅನ್ನುವ ಕ್ರಮದಲ್ಲಿ.

ಮುಂದಿನ ಎಡ 5.1, 4.7, 1.9.
ಮುಂದಿನ ಬಲ 5.2, 5.0, 4.1.
ಹಿಂದಿನ ಎರಡೂ ಹೆಚ್ಚು ಕಮ್ಮಿ 6.3, ಮೂರೂ ಕಡೆ ಸಮ.

ಎಡ ಟೈರಿನ ಆ 1.9 ಒಳಗಿನ ಕಾಲುವೆಯಲ್ಲಿ ಅಳೆದದ್ದು, ಅದರಾಚೆಯ ಅಂಚಿನಲ್ಲಿ ಅಳೆಯುವುದಕ್ಕೆ ಏನೂ ಉಳಿದಿಲ್ಲ. ತಂತಿ ಇನ್ನೂ ಕಂಡಿಲ್ಲ. ಬಲ ಟೈರ್ ಕೂಡ ಒಳಗಡೆ ಸವೆದಿದೆ, ಅಳೆಯದೇ ಗೊತ್ತಾಗುತ್ತಿರಲಿಲ್ಲ. ಕೈ ಸವರಿ ನೋಡಿದೆ. ಎರಡೂ ಟೈರಿನಲ್ಲಿ ಹೊರಗಿನಿಂದ ಒಳಗೆ ಹೋಗುವಾಗ ಸಿಕ್ಕುತ್ತದೆ, ವಾಪಸ್ ಬರುವಾಗ ನುಣ್ಣಗೆ. ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ.

ಎರಡನೇ ಸಲದ ಶೀಟಿನಲ್ಲಿ ಕ್ಯಾಂಬರ್ ಎಡ ಮೈನಸ್ 0°55', ಬಲ ಮೈನಸ್ 0°10'. ಟೋ ಎರಡೂ ಕಡೆ 0°02'. ಎಲ್ಲಾ ಹಸಿರು. ಕ್ಯಾಂಬರ್ 0.55 ಅಂದರೆ ಅರ್ಧ ಡಿಗ್ರಿ ಅಷ್ಟೆ ಅಲ್ವಾ, ಅದು ದೊಡ್ಡದಾ?

ನಟ್ಟು ಬೋಲ್ಟು:
ಇಲ್ಲಿ ತುಂಬಾ ಜನ ಎಡವುತ್ತಾರೆ. ಅದು 0.55 ಡಿಗ್ರಿ ಅಲ್ಲ, 55 ಮಿನಿಟ್. ಒಂದು ಡಿಗ್ರಿಗೆ 60 ಮಿನಿಟ್. ಅಂದರೆ ಹತ್ತಿರ ಹತ್ತಿರ ಒಂದು ಡಿಗ್ರಿ ಒಳಗೆ ವಾಲಿದೆ (ಮೈನಸ್ ಅಂದರೆ ಒಳಗೆ).

ಒಂದು ಡಿಗ್ರಿ ತಾನಾಗಿ ದೊಡ್ಡದೇನಲ್ಲ. ಆದರೆ ಎಡ ಬಲದ ವ್ಯತ್ಯಾಸ 45 ಮಿನಿಟ್ ಇದೆ ನೋಡಿ, ಅದು ಸರಿ ಇಲ್ಲ. ಎಷ್ಟೋ ಗಾಡಿಗಳಲ್ಲಿ ಈ ವ್ಯತ್ಯಾಸ 30 ಮಿನಿಟ್ ಒಳಗೆ ಇರಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಒಂದೊಂದನ್ನೇ ನೋಡಿದರೆ ಎರಡೂ ಹಸಿರು. ಜೊತೆಗಿಟ್ಟು ನೋಡಿದರೆ ತಪ್ಪು.

ಹೆದ್ದಾರಿ ಹಕ್ಕಿ:
ನಾನು ಮೊದಲೇ ಹೇಳಿದ್ದೆ, ಕ್ಯಾಂಬರ್!

ಸ್ಪ್ಯಾನರ್ ಸೆಟ್:
ಅರ್ಧ ನಿಮ್ಮ ಮಾತು ಸರಿಯಾಯಿತು ಅಣ್ಣಾ, ಇನ್ನರ್ಧ ಉಳಿದಿದೆ. ಎರಡೂ ಟೈರಿನಲ್ಲಿ ಹಲ್ಲು ಎದ್ದಿದೆ, ಎರಡೂ ಟೋ ಔಟ್ ಕಡೆಗೆ. ಶೀಟಿನಲ್ಲಿ ನೋಡಿದರೆ ಟೋ ಸೊನ್ನೆ ಹತ್ತಿರ. ಹಾಗಾದರೆ ಗಾಡಿ ಮಶೀನ್ ಮೇಲೆ ನಿಂತಾಗ ಒಂದು ಥರ ಇದೆ, ಓಡುವಾಗ ಇನ್ನೊಂದು ಥರ ಇದೆ. ಏನೋ ಸಡಿಲ ಆಗಿದೆ. ಕ್ಯಾಂಬರ್ ಮಾತ್ರ ಕಾರಣ ಆಗಿದ್ದರೆ ಈ ಹಲ್ಲು ಬರುವುದಿಲ್ಲ.

ಕೆಂಪು ಹ್ಯಾಚ್ ಅವರೇ, ಬ್ರೇಕ್ ಹಾಕಿದಾಗ ಗಾಡಿ ಯಾವುದಾದರೂ ಕಡೆ ಎಳೆಯುತ್ತಾ? ಹಂಪ್ ಮೇಲೆ ನಿಧಾನಕ್ಕೆ ಹೋದಾಗ ಟಕ್ ಅಂತ ಶಬ್ದ ಬರುತ್ತಾ?

ಹಳೇ ಡೀಸೆಲ್:
ನನ್ನ ಕಥೆ ಹೇಳುತ್ತೇನೆ, ಇವರಿಗೆ ಉಪಯೋಗ ಆಗಬಹುದು. ಹಿಂದಿನ ಗಾಡಿಯಲ್ಲಿ ಎರಡು ವರ್ಷದಲ್ಲಿ ನಾಲ್ಕು ಟೈರ್ ಕಳೆದುಕೊಂಡೆ. ಹೋದ ಕಡೆ ಎಲ್ಲಾ ಅಲೈನ್‌ಮೆಂಟ್ ಮಾಡಿ ಕಳಿಸುತ್ತಿದ್ದರು, ಯಾರೂ ಚಕ್ರ ಹಿಡಿದು ಅಲ್ಲಾಡಿಸಿ ನೋಡಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಗಾಡಿ ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದಲ್ಲಿ 9 ಮತ್ತು 3 ಇರುವ ಜಾಗದಲ್ಲಿ ಚಕ್ರ ಹಿಡಿದು ಆ ಕಡೆ ಈ ಕಡೆ ತಳ್ಳಿದರು. ಟಕ್ ಟಕ್ ಅಂತು. ನನ್ನ ಕೈ ಹಿಡಿದು ಟೈ ರಾಡ್ ಎಂಡ್ (ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಬರುವ ರಾಡಿನ ತುದಿ) ಮೇಲೆ ಇಟ್ಟರು. ಕೈಗೇ ಗೊತ್ತಾಯಿತು, ಒಳಗೆ ಬಾಲ್ ಕುಣಿಯುತ್ತಿತ್ತು. ಅದು ಬದಲಾಯಿಸಿ ಆಮೇಲೆ ಅಲೈನ್‌ಮೆಂಟ್ ಮಾಡಿದ ಮೇಲೆ ಟೈರ್ 40,000 ದಾಟಿತು.

12 ಮತ್ತು 6 ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಗೊತ್ತಾಗುತ್ತದೆ. ಯಾವುದು ಅಂತ ಅನುಮಾನ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿಕೊಳ್ಳುವುದಕ್ಕೆ ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

ಸಂಜೆ ಸವಾರಿ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನಲ್ಲಿ ಮುಂದಿನ ಟೈರ್ ಒಂದು ಕಡೆ ಸವೆದಿಲ್ಲ, ಆದರೆ ಸುತ್ತಲೂ ಅಲ್ಲಲ್ಲಿ ಹಳ್ಳ ಬಿದ್ದ ಹಾಗೆ ಇದೆ. ಕೈ ಆಡಿಸಿದರೆ ಏರು ತಗ್ಗು ಏರು ತಗ್ಗು. 60 ದಾಟಿದರೆ ಗುಂಯ್ ಅಂತ ಶಬ್ದ ಶುರುವಾಗುತ್ತದೆ. ಇದೂ ಟೋನಾ?

ಸ್ಪ್ಯಾನರ್ ಸೆಟ್:
ಅಲ್ಲ ಮೇಡಂ, ನೀವು ಹೇಳುವುದು ಬೇರೆ. ಹಳ್ಳ ಹಳ್ಳವಾಗಿ ಸವೆದಿದ್ದರೆ ಮೊದಲು ಶಾಕ್ ಅಬ್ಸಾರ್ಬರ್ ನೋಡಬೇಕು. ಶಾಕ್ ಸತ್ತಿದ್ದರೆ ಚಕ್ರ ರಸ್ತೆ ಮೇಲೆ ಚೆಂಡಿನ ಹಾಗೆ ಕುಪ್ಪಳಿಸಿಕೊಂಡು ಹೋಗುತ್ತದೆ, ಬಿದ್ದ ಜಾಗದಲ್ಲಿ ರಬ್ಬರ್ ಸವೆಯುತ್ತದೆ. ಶಾಕ್ ಮೇಲೆ ಎಣ್ಣೆ ಸೋರಿದ ಗುರುತು ಇದೆಯಾ ನೋಡಿ. ಬ್ಯಾಲೆನ್ಸಿಂಗ್ ತಪ್ಪಿದ್ದರೂ ಹೀಗೆ ಆಗುತ್ತದೆ, ಬೇರಿಂಗ್ ಆಟ ಇದ್ದರೂ ಆಗುತ್ತದೆ.

ಎಡಗಡೆ ಕನ್ನಡಿ:
ಆ ಗುಂಯ್ ಶಬ್ದ ಟೈರಿನದೋ ಬೇರಿಂಗಿನದೋ ಅಂತ ಮೊದಲು ತಿಳಿದುಕೊಳ್ಳಿ. ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ನಿಧಾನವಾಗಿ ಎಡಕ್ಕೆ ಬಲಕ್ಕೆ ಹಾಯಿಸಿದಾಗ ಶಬ್ದ ಏರಿ ಇಳಿದರೆ ಬೇರಿಂಗ್ ಇರಬಹುದು. ರಸ್ತೆಯ ಮೇಲ್ಮೈ ಬದಲಾದಾಗ ಶಬ್ದ ಬದಲಾದರೆ ಟೈರ್. ಮುಂದಿನ ಟೈರ್ ಹಿಂದೆ ಹಾಕಿ ನೋಡಿ, ಶಬ್ದ ಹಿಂದಕ್ಕೆ ಹೋದರೆ ಅನುಮಾನವೇ ಬೇಡ. ನನ್ನ ಭಾವ ಸುಮ್ನೆ ಎರಡು ಬೇರಿಂಗ್ ಬದಲಾಯಿಸಿದರು, ಶಬ್ದ ಹಾಗೇ ಇತ್ತು. ಟೈರ್ ಬದಲಾಯಿಸಿದ ದಿನ ನಿಂತಿತು.

ಮೂರನೇ ಗೇರ್:
ನೈಟ್ರೋಜನ್ ಹಾಕಿಸಿದರೆ ಟೈರ್ ಸಮನಾಗಿ ಸವೆಯುತ್ತದೆ ಅಂತ ಕೇಳಿದ್ದೆ. ಹೌದಾ?

ಗಾಳಿ ಮಾಪಕ:
ನಾವು ಹಾಕಿಸುವ ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಬರೀ ನೈಟ್ರೋಜನ್ ಹಾಕಿಸಿದರೆ ಗಾಳಿ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ನಿಜ. ಆದರೆ ಓರೆ ಇರುವ ಚಕ್ರವನ್ನು ಅದು ನೇರ ಮಾಡುವುದಿಲ್ಲ. ತಿಂಗಳಿಗೆ ಎರಡು ಸಲ ಗೇಜ್ ಇಟ್ಟು ನೋಡುವವರಿಗೆ ಮಾಮೂಲಿ ಗಾಳಿ ಧಾರಾಳ ಸಾಕು.

ಎಡಗಡೆ ಕನ್ನಡಿ:
ನಾನು ನೈಟ್ರೋಜನ್ನೇ ಹಾಕಿಸುವುದು, ನನಗೆ ವ್ಯತ್ಯಾಸ ಗೊತ್ತಾಗಿದೆ. ಬೇಸಿಗೆಯಲ್ಲಿ ಪ್ರೆಶರ್ ಅಷ್ಟು ಏರುವುದಿಲ್ಲ.

ಗಾಳಿ ಮಾಪಕ:
ಬಿಸಿಯಾದರೆ ನೈಟ್ರೋಜನ್ನೂ ಹಿಗ್ಗುತ್ತದೆ, ಗಾಳಿಯೂ ಹಿಗ್ಗುತ್ತದೆ, ಹೆಚ್ಚು ಕಮ್ಮಿ ಒಂದೇ ಸಮ. ವ್ಯತ್ಯಾಸ ಬರುವುದು ಗಾಳಿಯಲ್ಲಿ ನೀರಿನ ತೇವ ಇದ್ದಾಗ. ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ಕೆಂಪು ಹ್ಯಾಚ್:
ಸ್ಪ್ಯಾನರ್ ಸೆಟ್ ಸಾರ್, ನೀವು ಕೇಳಿದ್ದು ಸರಿಯಾಗಿದೆ. ಬ್ರೇಕ್ ಜೋರಾಗಿ ಒತ್ತಿದರೆ ಎಡಕ್ಕೆ ಸ್ವಲ್ಪ ಎಳೆಯುತ್ತದೆ. ನಾನು ಬ್ರೇಕ್ ಪ್ಯಾಡ್ ಸಮಸ್ಯೆ ಅಂದುಕೊಂಡು ಪ್ಯಾಡ್ ಬದಲಾಯಿಸಿದ್ದೆ, ಎಳೆತ ಹೋಗಲಿಲ್ಲ. ರಿವರ್ಸ್ ತೆಗೆದು ಮತ್ತೆ ಮುಂದೆ ಹೋಗುವಾಗ ಕೆಳಗಡೆ ಎಲ್ಲೋ ಒಂದು ಸಲ ಡುಬ್ ಅನ್ನುತ್ತದೆ. ಚಕ್ರ ಹಿಡಿದು ಎರಡೂ ಥರ ಅಲ್ಲಾಡಿಸಿದೆ, ಆಟ ಏನೂ ಇಲ್ಲ.

ಸ್ಪ್ಯಾನರ್ ಸೆಟ್:
ಹಾಗಾದರೆ ಲೋವರ್ ಆರ್ಮಿನ (ಚಕ್ರವನ್ನು ಕೆಳಗಡೆ ಬಾಡಿಗೆ ಜೋಡಿಸುವ ತೋಳು) ಹಿಂದಿನ ಬುಶ್ ನೋಡಿ. ಲೋವರ್ ಆರ್ಮಿಗೆ ಬಾಡಿ ಕಡೆ ಎರಡು ರಬ್ಬರ್ ಬುಶ್ ಇರುತ್ತವೆ, ಮುಂದೆ ಒಂದು, ಹಿಂದೆ ಒಂದು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಹೋಗುವುದಕ್ಕೆ ನೋಡುತ್ತದೆ, ತಡೆದು ಹಿಡಿಯುವುದು ಈ ಬುಶ್‌ಗಳು. ಹಿಂದಿನದು ಹರಿದಿದ್ದರೆ ಆರ್ಮ್ ತಿರುಗಿಕೊಂಡು ಚಕ್ರ ಹಿಂದೆ ಸರಿಯುತ್ತದೆ, ನಮ್ಮ ಥರದ ಬಹಳಷ್ಟು ಫ್ರಂಟ್ ವೀಲ್ ಡ್ರೈವ್ ಗಾಡಿಗಳಲ್ಲಿ ಆಗ ಟೋ ಔಟ್ ಆಗುತ್ತದೆ. ಬ್ರೇಕ್ ಬಿಟ್ಟರೆ ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಮಶೀನ್ ಮೇಲೆ ನಿಂತಾಗ ಎಲ್ಲಾ ಸರಿ ಕಾಣುವುದು ಇದಕ್ಕೇ. ಕೈಯಲ್ಲಿ ಅಲ್ಲಾಡಿಸಿದರೂ ಗೊತ್ತಾಗುವುದಿಲ್ಲ, ಕೈಯ ಬಲ ಸಾಲದು.

ಮನೆಯಲ್ಲೇ ನೋಡಬಹುದು. ಸಮತಟ್ಟಾದ ಖಾಲಿ ಜಾಗದಲ್ಲಿ ಒಬ್ಬರು ಗಾಡಿ ನಡಿಗೆಯ ವೇಗದಲ್ಲಿ ಮುಂದೆ ಬಿಟ್ಟು ಬ್ರೇಕ್ ಒತ್ತಲಿ, ಆಮೇಲೆ ಹಿಂದೆ ಬಿಟ್ಟು ಬ್ರೇಕ್ ಒತ್ತಲಿ. ನೀವು ಪಕ್ಕದಲ್ಲಿ ದೂರ ನಿಂತು ಮುಂದಿನ ಚಕ್ರದ ವಿಡಿಯೋ ಮಾಡಿ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬೇಡಿ. ಟೈರಿಗೂ ಮಡ್‌ಗಾರ್ಡಿಗೂ ಇರುವ ಸಂದಿ ನೋಡಿ, ಎಡ ಬಲ ಎರಡೂ ಕಡೆ.

ಕೆಂಪು ಹ್ಯಾಚ್:
ಈಗ ತಾನೇ ವಿಡಿಯೋ ಮಾಡಿಕೊಂಡು ಬಂದೆ. ಕೈ ನಡುಗುತ್ತಿದೆ! ಬಲಗಡೆ ಸಂದಿ ಹೆಚ್ಚು ಕಮ್ಮಿ ಆಗುವುದೇ ಇಲ್ಲ. ಎಡಗಡೆ ಬ್ರೇಕ್ ಒತ್ತಿದ ಕೂಡಲೇ ಇಡೀ ಚಕ್ರ ಹಿಂದಕ್ಕೆ ಸರಿಯುತ್ತದೆ. ಎರಡು ಬೆರಳು ಹಿಡಿಸುವ ಸಂದಿ ಒಂದು ಬೆರಳಿಗೆ ಬರುತ್ತದೆ. ನಿಧಾನ ಮಾಡಿ ಹತ್ತು ಸಲ ನೋಡಿದೆ. ಇಷ್ಟು ದಿನ ಮಕ್ಕಳನ್ನು ಕೂರಿಸಿಕೊಂಡು ಇದೇ ಗಾಡಿಯಲ್ಲಿ ಹೆದ್ದಾರಿಯಲ್ಲಿ ಓಡಾಡಿದ್ದೇನೆ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಬುಶ್ ರಬ್ಬರ್ ಅರ್ಧಕ್ಕೆ ಹರಿದು ಬಾಯಿ ಬಿಟ್ಟಿದೆ. ಸುತ್ತ ಕಪ್ಪು ಪುಡಿ ಕೂತಿದೆ.

ಮೂರನೇ ಗೇರ್:
ಅಬ್ಬಾ. ಎರಡು ಅಲೈನ್‌ಮೆಂಟ್ ಮಾಡಿದವರು ಇದನ್ನು ನೋಡಲೇ ಇಲ್ವಾ?

ಹಳೇ ಡೀಸೆಲ್:
ನೋಡಬೇಕಿತ್ತು. ಗಾಡಿ ರ‍್ಯಾಂಪ್ ಮೇಲೆ ಏರಿದ ತಕ್ಷಣ ಮೊದಲು ಬುಶ್, ಬಾಲ್ ಜಾಯಿಂಟ್, ಟೈ ರಾಡ್ ನೋಡಿ ಆಮೇಲೆ ಸೆನ್ಸರ್ ಕಟ್ಟಬೇಕು. ನನಗೂ ಇದೇ ಹೊಟ್ಟೆ ಉರಿ.

ಹೆದ್ದಾರಿ ಹಕ್ಕಿ:
ಟೋ ವಿಷಯದಲ್ಲಿ ಸ್ಪ್ಯಾನರ್ ಸೆಟ್ ಸಾರ್ ಹೇಳಿದ್ದೇ ಸರಿ, ಒಪ್ಪಿಕೊಂಡೆ. ಬ್ರೇಕ್ ಹಾಕಿದಾಗ ಮಾತ್ರ ಬರುವ ಟೋ ನನ್ನ ತಲೆಗೇ ಬಂದಿರಲಿಲ್ಲ. ಆದರೆ ಆ 45 ಮಿನಿಟ್ ಕ್ಯಾಂಬರ್ ವ್ಯತ್ಯಾಸ ಹಾಗೇ ಬಿಡಬೇಡಿ. ಬುಶ್ ಹಾಕಿದ ಮೇಲೂ ಅದು ಉಳಿದರೆ ಎಡ ಟೈರ್ ಮತ್ತೆ ಒಳಗೆ ಸವೆಯುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೆ.

ಸ್ಪ್ಯಾನರ್ ಸೆಟ್:
ಪೂರ್ತಿ ಒಪ್ಪುತ್ತೇನೆ. ಬುಶ್ ಸವೆದು ಆರ್ಮಿನ ತುದಿ ಹೊರಗೆ ಸರಿದಿದ್ದರೂ ಕ್ಯಾಂಬರ್ ಸ್ವಲ್ಪ ಹಾಳಾಗಿರುತ್ತದೆ, ಮೊದಲು ಅದು ಸರಿಹೋಗಲಿ. ಉಳಿದದ್ದಕ್ಕೆ ಸ್ಟ್ರಟ್ ನಕಲ್ಲಿಗೆ (ಚಕ್ರದ ಬೇರಿಂಗ್ ಕೂರುವ ಲೋಹದ ಭಾಗ) ಕೂರುವ ಎರಡು ಬೋಲ್ಟ್ ಇವೆಯಲ್ಲ, ಆ ತೂತಿನಲ್ಲಿ ಸ್ವಲ್ಪ ಆಟ ಇರುತ್ತದೆ. ಸಡಿಲ ಮಾಡಿ ಚಕ್ರದ ಮೇಲ್ಭಾಗ ಹೊರಗೆ ಎಳೆದು ಹಿಡಿದು ಬಿಗಿ ಮಾಡಿದರೆ ಕೆಲವು ಗಾಡಿಗಳಲ್ಲಿ ಅರ್ಧ ಡಿಗ್ರಿ ಹತ್ತಿರ ಸಿಗುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಸ್ಟ್ರಟ್ ಅಥವಾ ನಕಲ್ ಬಾಗಿದೆಯಾ ನೋಡಬೇಕು.

ಇನ್ನೊಂದು ಮಾತು ಗ್ಯಾರೇಜಿನವರಿಗೆ ಹೇಳಲೇಬೇಕು. ಹೊಸ ಬುಶ್ ಹಾಕಿದ ಮೇಲೆ ಆರ್ಮಿನ ಬೋಲ್ಟ್ ಕೊನೇ ಬಿಗಿ ಕೊಡುವುದು ಗಾಡಿ ನೆಲದ ಮೇಲೆ ಭಾರ ಬಿಟ್ಟು ನಿಂತಾಗ. ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ಕೆಳಗೆ ಇಳಿದ ತಕ್ಷಣ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಬೇಗ ಹರಿದುಹೋಗುತ್ತದೆ. ಅವಸರದಲ್ಲಿ ತುಂಬಾ ಜನ ಇದನ್ನು ಬಿಡುತ್ತಾರೆ.

ನಟ್ಟು ಬೋಲ್ಟು:
ಮನೆಯಲ್ಲೇ ಟೋ ನೋಡಿಕೊಳ್ಳುವವರಿಗೆ ಒಂದು ದಾರಿ ಇದೆ. ಗಾಡಿಯ ಎರಡೂ ಪಕ್ಕದಲ್ಲಿ ಚಕ್ರದ ನಡುಮಟ್ಟಕ್ಕೆ ದಾರ ಕಟ್ಟಿ, ಮೀನು ಹಿಡಿಯುವ ನೈಲಾನ್ ದಾರ ಆದರೆ ಒಳ್ಳೆಯದು. ಎರಡು ದಾರದ ನಡುವಿನ ಅಂತರ ಮುಂದೆ ಹಿಂದೆ ಒಂದೇ ಇರಬೇಕು, ಗಾಡಿ ಸರಿಯಾಗಿ ನಡುವೆ ಇರಬೇಕು. ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳತೆ ತೆಗೆಯಿರಿ. ಮುಂದಿನ ಅಳತೆ ಜಾಸ್ತಿ ಇದ್ದರೆ ಟೋ ಇನ್, ಕಮ್ಮಿ ಇದ್ದರೆ ಟೋ ಔಟ್.

ಎಡಗಡೆ ಕನ್ನಡಿ:
ದಾರ ಕಟ್ಟಿ ಒಂದು ಮಿ.ಮೀ. ಹಿಡಿಯುವುದಕ್ಕೆ ಆಗುತ್ತಾ? ನಂಬುವುದು ಕಷ್ಟ. ಮಶೀನ್ ಇರುವುದು ಯಾಕೆ ಮತ್ತೆ?

ನಟ್ಟು ಬೋಲ್ಟು:
ಸ್ಟೀಲ್ ಸ್ಕೇಲ್ ಇಟ್ಟು ತಾಳ್ಮೆಯಿಂದ ಮಾಡಿದರೆ ಅರ್ಧ ಮಿ.ಮೀ. ಹಿಡಿಯಬಹುದು, ನಾನು ಮಾಡುತ್ತೇನೆ. ಮಶೀನಿಗೆ ಬದಲು ಅಂತ ಹೇಳುತ್ತಿಲ್ಲ. ಗುಂಡಿಗೆ ಬಿದ್ದ ಮಾರನೇ ದಿನ ಟೋ ಜರುಗಿದೆಯಾ ಅಂತ ತಿಳಿಯುವುದಕ್ಕೆ ಸಾಕು. ಮಶೀನ್ ಕೂಡ ಮಾಡುವವರ ಕೈಯಲ್ಲೇ ಇದೆ. ರಿಮ್ಮಿಗೆ ಕ್ಲ್ಯಾಂಪ್ ವಾರೆ ಕೂತಿದ್ದರೆ, ಮುಂದಿನ ಚಕ್ರದ ಕೆಳಗಿನ ತಿರುಗುವ ತಟ್ಟೆಯ ಪಿನ್ ತೆಗೆಯದೇ ಇದ್ದರೆ, ಟೈರ್‌ಗಳಲ್ಲಿ ಗಾಳಿ ಹೆಚ್ಚು ಕಮ್ಮಿ ಇದ್ದರೆ ಅದೂ ತಪ್ಪು ನಂಬರೇ ಕೊಡುತ್ತದೆ.

ಕೆಂಪು ಹ್ಯಾಚ್:
ಕೆಲಸ ಆಯಿತು. ಎಡ ಬಲ ಎರಡೂ ಕಡೆ ಲೋವರ್ ಆರ್ಮ್ ಬುಶ್ ಹಾಕಿಸಿದೆ, ಬಲಗಡೆಯದರಲ್ಲೂ ಬಿರುಕು ಶುರುವಾಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಡಿ ಇಳಿಸಿದ ಮೇಲೆ ಬೋಲ್ಟ್ ಬಿಗಿ ಮಾಡಿ ಅಂದಾಗ ಅಲ್ಲಿಯ ಹುಡುಗ ನನ್ನ ಮುಖ ನೋಡಿದ. ಅವನ ಹಿರಿಯ ಮೆಕ್ಯಾನಿಕ್ "ಅವರು ಹೇಳಿದ್ದು ಸರಿ, ಹಾಗೇ ಮಾಡು" ಅಂದರು.

ಬುಶ್ ಹಾಕಿದ ಮೇಲೆ ಮಶೀನಿಗೆ ಕಟ್ಟಿದರೆ ಎಡ ಕ್ಯಾಂಬರ್ ಮೈನಸ್ 0°42' ಗೆ ಬಂತು. ಸ್ಟ್ರಟ್ ಬೋಲ್ಟ್ ಸಡಿಲಿಸಿ ಎಳೆದು ಬಿಗಿ ಮಾಡಿದ ಮೇಲೆ ಮೈನಸ್ 0°20'. ಬಲ ಮೈನಸ್ 0°12'. ಆಮೇಲೆ ಕೊನೆಗೆ ಟೋ ಸರಿ ಮಾಡಿದರು. ಮೊದಲಿನ ಶೀಟು, ಆಮೇಲಿನ ಶೀಟು ಎರಡೂ ಕೇಳಿ ಇಸಿದುಕೊಂಡಿದ್ದೇನೆ. ಬ್ರೇಕ್ ಹಾಕಿದರೆ ಈಗ ಗಾಡಿ ಗೆರೆ ಎಳೆದ ಹಾಗೆ ನೇರ ನಿಲ್ಲುತ್ತದೆ. ಡುಬ್ ಶಬ್ದವೂ ಇಲ್ಲ.

ಎರಡು ಹೊಸ ಟೈರ್ ತೆಗೆದುಕೊಳ್ಳುತ್ತಿದ್ದೇನೆ. ಮುಂದೆ ಹಾಕಲಾ ಹಿಂದೆ ಹಾಕಲಾ?

ಹೆದ್ದಾರಿ ಹಕ್ಕಿ:
ಮುಂದೆ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗಿಸುವುದು ಅದೇ, ಬ್ರೇಕಿನ ಭಾರ ಜಾಸ್ತಿ ಬೀಳುವುದೂ ಅದಕ್ಕೇ.

ಗಾಳಿ ಮಾಪಕ:
ಹಿಂದೆ! ಇದರಲ್ಲಿ ನಾನು ಹಟ ಬಿಡುವುದಿಲ್ಲ. ಮಳೆಯಲ್ಲಿ ಮುಂದಿನ ಟೈರ್ ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತಕ್ಕೆ ಬರಬಹುದು. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ, ಮಾಮೂಲಿ ಡ್ರೈವರ್ ಕೈಯಲ್ಲಿ ಅದನ್ನು ಹಿಡಿಯುವುದಕ್ಕೆ ಆಗುವುದಿಲ್ಲ. ಎರಡೇ ಹೊಸದು ಇದ್ದರೆ ಹಿಂದೆ ಹಾಕಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಇವರ ಹಿಂದಿನ ಎರಡೂ 6.3 ಇವೆ, ಸಮನಾಗಿ ಸವೆದಿವೆ, ಅವನ್ನು ಮುಂದೆ ಹಾಕಿದರೆ ಆಯಿತು.

ಹಳೇ ಡೀಸೆಲ್:
ಮಳೆಯಲ್ಲಿ ಹಿಂದಿನ ಟೈರ್ ಜಾರಿ ಗಾಡಿ ಅರ್ಧ ಸುತ್ತು ತಿರುಗಿದ್ದನ್ನು ಒಳಗೆ ಕೂತು ನೋಡಿದವನು ನಾನು. ಹಿಂದೆ ಹಾಕಿ.

ಸ್ಪ್ಯಾನರ್ ಸೆಟ್:
ಹಿಂದೆಯೇ ಸರಿ. 6.3 ಇರುವ ಟೈರ್ ಮುಂದೆ ಬಂದದ್ದು ಒಂದು ಥರ ಅನುಕೂಲವೇ. ಈಗಿನ ಅಳತೆ ಬರೆದಿಟ್ಟುಕೊಳ್ಳಿ, 2,000 ಕಿ.ಮೀ. ಆದ ಮೇಲೆ ಮತ್ತೆ ಅಳೆಯಿರಿ. ಶೀಟಿಗಿಂತ ಅದನ್ನು ನಂಬಿ.

ಸಂಜೆ ಸವಾರಿ:
ನನ್ನ ಗಾಡಿಯಲ್ಲಿ ಎರಡೂ ಮುಂದಿನ ಶಾಕ್ ಸೋರುತ್ತಿದ್ದವು, ಬದಲಾಯಿಸಿದೆ. ಆದರೆ ಗುಂಯ್ ಶಬ್ದ ಹಾಗೇ ಇದೆಯಲ್ಲ? ದುಡ್ಡು ನೀರಿಗೆ ಹಾಕಿದ ಹಾಗಾಯಿತಾ?

ಸ್ಪ್ಯಾನರ್ ಸೆಟ್:
ಇಲ್ಲ ಮೇಡಂ. ಶಾಕ್ ಸರಿಹೋದರೂ ಟೈರಿನಲ್ಲಿ ಬಿದ್ದ ಹಳ್ಳ ಹಾಗೇ ಇರುತ್ತದೆ, ಶಬ್ದ ಅದರದ್ದು. ಅವನ್ನು ಹಿಂದೆ ಹಾಕಿ. ಇನ್ನು ಹಳ್ಳ ದೊಡ್ಡದಾಗುವುದಿಲ್ಲ, ಕೆಲವು ಸಲ ಹಿಂದೆ ಓಡಿ ಓಡಿ ಶಬ್ದ ಸ್ವಲ್ಪ ಕಮ್ಮಿಯಾಗುತ್ತದೆ. ಆದರೆ ಮುಂದಿನ ಟೈರ್‌ಗಳ ಆಳ ತುಂಬಾ ಕಮ್ಮಿ ಇದ್ದರೆ ಹಿಂದೆ ಹಾಕಬೇಡಿ, ಗಾಳಿ ಮಾಪಕ ಅವರು ಹೇಳಿದ ಕಾರಣಕ್ಕೇ. ಆಗ ಬದಲಾಯಿಸುವುದೇ ಒಳ್ಳೆಯದು. ಟೈರಿನ ಕಾಲುವೆಯಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಣ್ಣೆ ಇರುತ್ತದೆ, ರಬ್ಬರ್ ಆ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿದ ಹಾಗೆ. ಮಳೆಗಾಲದಲ್ಲಿ ಓಡಿಸುವವರು ಅಷ್ಟರವರೆಗೂ ಕಾಯಬೇಡಿ.

ಕೆಂಪು ಹ್ಯಾಚ್:
2,500 ಕಿ.ಮೀ. ಆಯಿತು, ಬೆಳಿಗ್ಗೆ ಅಳೆದೆ. ಮುಂದೆ ಬಂದಿರುವ ಹಳೇ ಹಿಂದಿನ ಟೈರ್‌ಗಳ ಅಳತೆ ಹೀಗಿದೆ.

ಎಡ 6.0, 5.9, 5.9.
ಬಲ 6.0, 5.9, 6.0.

ಅಂಗೈ ಎರಡೂ ಕಡೆಗೂ ಸವರಿದೆ. ನುಣ್ಣಗಿದೆ, ಹಲ್ಲು ಇಲ್ಲ. ನೀವೆಲ್ಲ ಇಲ್ಲದಿದ್ದರೆ ನಾನು ಹೊಸ ಟೈರ್ ಹಾಕಿಸಿ, ಮೂರನೇ ಸಲ ಅಲೈನ್‌ಮೆಂಟ್ ಮಾಡಿಸಿ, ಹರಿದ ಬುಶ್ಶಿನಲ್ಲೇ ಓಡಾಡುತ್ತಿದ್ದೆ. ಸ್ಪ್ಯಾನರ್ ಸೆಟ್ ಸಾರ್, ನಿಮಗೆ ಕೈ ಮುಗಿಯುತ್ತೇನೆ.

ಸ್ಪ್ಯಾನರ್ ಸೆಟ್:
ನೋಡಿ ಖುಷಿಯಾಯಿತು. 8,000 ಕಿ.ಮೀ. ಹತ್ತಿರ ಟೈರ್ ಹಿಂದೆ ಮುಂದೆ ಬದಲಾಯಿಸಿ. ಸೈಡ್‌ವಾಲ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಲಿ.

ಮೂರನೇ ಗೇರ್:
ಇದೆಲ್ಲಾ ಓದಿ ನಾನೂ ಹೋಗಿ ನನ್ನ ಗಾಡಿ ಟೈರ್ ಮೇಲೆ ಕೈ ಸವರಿದೆ. ಎರಡೂ ಮುಂದಿನ ಟೈರಿನಲ್ಲಿ ಒಳಗಿನಿಂದ ಹೊರಗೆ ಬರುವಾಗ ಸಿಕ್ಕುತ್ತದೆ, ಹೊರ ಅಂಚು ಒಂದು ಮಿ.ಮೀ. ಕಮ್ಮಿ ಇದೆ. ಇದು ಟೋ ಇನ್ ಅಲ್ವಾ?

ಸ್ಪ್ಯಾನರ್ ಸೆಟ್:
ಹೌದು, ಟೋ ಇನ್ ಕಡೆಗೇ ಇದೆ. ಇತ್ತೀಚೆಗೆ ಟೈ ರಾಡ್ ಎಂಡ್ ಏನಾದರೂ ಬದಲಾಯಿಸಿದ್ದೀರಾ? ನಾಲ್ಕೂ ಟೈರಿನ ಅಳತೆ ತೆಗೆದು ಹಾಕಿ, ನೋಡೋಣ.